ಒಣಗದ ಮೂಲೆ

ನಾಲಿಗೆ ಮತ್ತೆ ಅಲ್ಲಿಗೇ ಹೋಯಿತು. ಎಡಗಡೆ, ಮೇಲಿನ ಸಾಲು, ಹೋದ ತಿಂಗಳವರೆಗೂ ಒಂದು ದವಡೆಹಲ್ಲು ಇದ್ದ ಜಾಗ. ಇದ್ದಾಗ ಅದು ಇದೆ ಅಂತ ಚಿತ್ರಕಾರನಿಗೆ ಒಂದು ದಿನವೂ ಅನಿಸಿರಲಿಲ್ಲ. ಹೋದ ಮೇಲೆ ಬಾಯಲ್ಲಿ ಅದನ್ನು ಬಿಟ್ಟು ಬೇರೇನೂ ಇಲ್ಲವೇನೋ ಎಂಬಂತೆ ನಾಲಿಗೆ ಆ ಗುಂಡಿಯ ಹತ್ತಿರವೇ ಸುಳಿದಾಡುತ್ತಿತ್ತು. ಕೆಟ್ಟ ಹಲ್ಲೇನಲ್ಲ ಅದು. ಹುಳುಕಿರಲಿಲ್ಲ, ಅಲ್ಲಾಡುತ್ತಿರಲಿಲ್ಲ, ಸೋಡಾ ಬಾಟಲಿಯ ಮುಚ್ಚಳ ಎಬ್ಬಿಸಿದರೂ ಜಗ್ಗದಂಥ ಹಲ್ಲು. ಅಂಥದ್ದನ್ನು ಅವನು ತಾನಾಗಿಯೇ ಡಾಕ್ಟರ ಕುರ್ಚಿಯಲ್ಲಿ ಒರಗಿ, ಬಾಯಿ ಕಳೆದು, ಬೆರಳಿಟ್ಟು ತೋರಿಸಿ ಕೀಳಿಸಿಕೊಂಡಿದ್ದ. ಇದೇನಾ, ಸರಿಯಾಗಿ ನೋಡಿ ಹೇಳಿ ಎಂದು ಡಾಕ್ಟರು ಮತ್ತೆ ಮತ್ತೆ ಕೇಳಿದ್ದರು. ಅವನು ಕಣ್ಣಲ್ಲಿ ನೀರು ತಂದುಕೊಂಡು ಹೌದು ಹೌದು ಎಂದು ತಲೆಯಾಡಿಸಿದ್ದ. ಅಷ್ಟು ಹೊತ್ತೂ ಅಕ್ಕ ಬಾಗಿಲ ಹೊರಗಿನ ಬೆಂಚಿನ ಮೇಲೆ ಅವನ ಚಪ್ಪಲಿ ಕಾಯುತ್ತ ಕೂತಿದ್ದಳು. ಪಾಪ, ನೋವು ತಡೆಯೋಕಾಗಲ್ಲ ಅವನಿಗೆ, ಚಿಕ್ಕವನಿದ್ದಾಗಿಂದ್ಲೂ ಹಾಗೇ, ಎಂದು ಪಕ್ಕದವರಿಗೆ ಹೇಳುತ್ತಿದ್ದದ್ದು ಒಳಗೆ ಕೇಳಿಸುತ್ತಿತ್ತು.

ಈಗ ಅವನು ನಿಂತಿದ್ದದ್ದು ಆ ಅಕ್ಕನ ಕೋಣೆಯಲ್ಲಿ. ಹಾಗನ್ನುವುದು ಅಭ್ಯಾಸಬಲ. ಕೋಣೆಯಲ್ಲಿ ಅಕ್ಕನದು ಎನ್ನುವಂಥದ್ದು ಗೋಡೆಯ ಮೇಲೆ ಅವಳ ತಲೆ ಒರಗುತ್ತಿದ್ದ ಕಡೆ ಉಳಿದ ಎಣ್ಣೆಯ ಕಲೆಯೊಂದೇ. ನಡುವೆ ಸ್ಟ್ಯಾಂಡು, ಅದರ ಮೇಲೆ ಅವನಷ್ಟೇ ಎತ್ತರದ ಕ್ಯಾನ್ವಾಸು. ಕ್ಯಾನ್ವಾಸಿನೊಳಗೆ ಇದೇ ಕೋಣೆ. ಬೂದು ನೆಲ, ನೆಲದ ಮೇಲೆ ಚಾಪೆಯಂತೆ ಬಿದ್ದ ಬೆಳಕು, ತೆರೆದ ಕಿಟಕಿ, ಕಿಟಕಿಯಾಚೆ ನೀಲಿ ಗುಡ್ಡ. ನಿಜವಾದ ಕಿಟಕಿಯಾಚೆ ಇದ್ದದ್ದು ಪಕ್ಕದ ಕಟ್ಟಡದ ಕೊಳಚೆ ಪೈಪು, ಪೈಪಿನ ಮೊಣಕೈ ಮೇಲೆ ಒಂದು ಪಾರಿವಾಳ. ಅವನ ಕೈಯ ಗುಣವೇ ಹಾಗೆ: ಇಲ್ಲದ್ದನ್ನು ಬರೆಯಲು ಬರುತ್ತಿತ್ತು, ಕಣ್ಣೆದುರು ಇದ್ದದ್ದನ್ನು ಬಿಡಲು ಬರುತ್ತಿರಲಿಲ್ಲ. ಗುಡ್ಡ ಬೇಕೆಂದರೆ ಗುಡ್ಡ ಬರುತ್ತಿತ್ತು, ಹೇಗೋ ಪೈಪನ್ನು ಮುಚ್ಚಿಯೂಬಿಡುತ್ತಿತ್ತು. ಆದರೆ ಕೋಣೆಯಲ್ಲಿ ಮಂಚ ಇದ್ದರೆ ಚಿತ್ರದಲ್ಲಿ ಮಂಚ ಬಂದೇ ಬರುತ್ತಿತ್ತು. ಮಂಚದ ಮೇಲೆ ಯಾರೋ ಕೂತು ಕೆಮ್ಮುತ್ತಿದ್ದರೆ ಬಣ್ಣದಲ್ಲೂ ಕೆಮ್ಮು ಬರುತ್ತಿತ್ತು. ಹಾಗಾಗಿ ಖಾಲಿ ಕೋಣೆಯನ್ನು ಬರೆಯಲು ಅವನಿಗಿದ್ದ ದಾರಿ ಒಂದೇ, ಕೋಣೆಯನ್ನು ಖಾಲಿ ಮಾಡಿಸುವುದು. ಮೊದಲು ನಡುಮನೆ ಬರೆದ, ಆಗ ಹೆಂಡತಿ ಅಡುಗೆಮನೆಯಲ್ಲಿ ಊಟ, ನಿದ್ದೆ, ಪೇಪರು ಎಲ್ಲಾ ಮಾಡಿದಳು. ಆಮೇಲೆ ಅಡುಗೆಮನೆ ಬರೆದ, ಹೊರಗಿನಿಂದ ಊಟ ತರಿಸಿದರು. ಆಮೇಲೆ ಉಳಿದದ್ದು ಈ ಕೋಣೆ. ಅವನು ಬಗ್ಗಿ, ಚಿತ್ರದ ಎಡಗಡೆ ಕೆಳಮೂಲೆಗೆ ತೋರುಬೆರಳಿಟ್ಟು ಒತ್ತಿದ. ಬೆರಳು ಬೆಣ್ಣೆಗೆ ಇಳಿದಂತೆ ಇಳಿಯಿತು. ಹಸಿ. ಸಮಾಧಾನವಾಯಿತು, ಮರುಕ್ಷಣವೇ ಗಾಬರಿಯಾಯಿತು. ಸಂಜೆ ಗ್ಯಾಲರಿಯಲ್ಲಿ ಪ್ರದರ್ಶನ ಶುರು. ಇನ್ನು ಸ್ವಲ್ಪ ಹೊತ್ತಿಗೆ ಟೆಂಪೋ ಬರುತ್ತದೆ. ಗ್ಯಾಲರಿಯವರಿಗೆ ಚಿತ್ರ ಒಣಗಿ ಯಾವ ಕಾಲವಾಯಿತು ಎಂದಿದ್ದ. ಅಕ್ಕನಿಗೆ ಇನ್ನೂ ಒಣಗಿಲ್ಲ ಎಂದಿದ್ದ.

ಆ ಮೂಲೆಯಲ್ಲೇ ಮಂಚ ಇದ್ದದ್ದು. ಈ ಮನೆಗೆ ಬರುವ ಮೊದಲೂ, ಅದಕ್ಕಿಂತ ಮೊದಲಿನ ಬಾಡಿಗೆ ಮನೆಗಳಲ್ಲೂ ಅಕ್ಕನ ಮಂಚ ಯಾವಾಗಲೂ ಕೋಣೆಯ ಎಡಮೂಲೆಗೇ. ಚಿಕ್ಕಂದಿನಲ್ಲಿ ಅಪ್ಪ ಬೆಲ್ಟು ಬಿಚ್ಚುವ ಸದ್ದಾದರೆ ಸಾಕು, ಇವನು ಓಡಿಬಂದು ಅದರ ಕೆಳಗೆ ನುಸುಳುತ್ತಿದ್ದ. ಅಕ್ಕ ಏನೂ ಆಗಿಲ್ಲವೆಂಬಂತೆ ಮಂಚದ ಅಂಚಿಗೆ ಬಂದು ಕಾಲು ಇಳಿಬಿಟ್ಟು, ಲಂಗ ಸರಿಮಾಡಿಕೊಂಡು, ಗುಂಡಿ ಹೊಲಿಯಲು ಕೂರುತ್ತಿದ್ದಳು. ಅಪ್ಪನ ಕಾಲು ಹೊಸ್ತಿಲ ಹತ್ತಿರ ನಿಲ್ಲುತ್ತಿತ್ತು. ಇಲ್ಲಿ ಯಾರೂ ಇಲ್ಲ, ಎನ್ನುತ್ತಿದ್ದಳು ಅಕ್ಕ, ದಾರ ಹಲ್ಲಲ್ಲಿ ಕಚ್ಚಿಕೊಂಡೇ. ಅವಳ ಎರಡು ಹಿಮ್ಮಡಿಗಳ ನಡುವೆ ಕಾಣುತ್ತಿದ್ದ ಅಷ್ಟಗಲ ಲೋಕದಲ್ಲಿ ನೆಲ ಇರುತ್ತಿತ್ತು, ನೆಲದ ಮೇಲೆ ಬೆಳಕು ಇರುತ್ತಿತ್ತು, ಆ ಕಡೆ ಕಿಟಕಿಯ ಕೆಳ ಅಂಚು. ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದ. ಅಷ್ಟು ಸುಖವಾಗಿ ಆಮೇಲೆ ಎಲ್ಲೂ ಇದ್ದ ನೆನಪಿಲ್ಲ. ಅವನ ಚಿತ್ರಗಳಲ್ಲಿ ಕಣ್ಣು ಯಾಕೆ ಇಷ್ಟು ಕೆಳಗಿದೆ ಎಂದು ಪತ್ರಿಕೆಯವರು ಕೇಳುತ್ತಾರೆ. ಅದು ನೆಲದ ದೃಷ್ಟಿ, ವಿನಯದ ದೃಷ್ಟಿ ಎಂದು ಒಬ್ಬರು ಬರೆದಿದ್ದರು. ಅವನು ಅದನ್ನು ಓದಿ, ಒಪ್ಪಿ, ಕತ್ತರಿಸಿ ಇಟ್ಟುಕೊಂಡಿದ್ದ. ಮಂಚದ ಕೆಳಗಿನಿಂದ ಬರೆದ ಚಿತ್ರಕ್ಕೆ ಮಂಚವೇ ಅಡ್ಡ ಬರುತ್ತಿದ್ದದ್ದು, ಅದನ್ನು ಅವನೇ ಬಿಚ್ಚಿ ಮಹಡಿ ಮೆಟ್ಟಿಲ ಹಿಂದೆ ನಿಲ್ಲಿಸಿದ್ದು, ಯಾರೂ ಕೇಳಲಿಲ್ಲವಾದ್ದರಿಂದ ಅವನು ಹೇಳಲಿಲ್ಲ.

ಅಕ್ಕನನ್ನು ಕಳಿಸುವುದು ಇಷ್ಟು ಸುಲಭ ಅಂತ ಅವನು ಅಂದುಕೊಂಡಿರಲಿಲ್ಲ. ಗಂಡನ ಮನೆಯಿಂದ ಒಂದು ಟ್ರಂಕಿನ ಜೊತೆ ಬಂದವಳು ಈ ಕೋಣೆಯಲ್ಲಿ ಹದಿನಾರು ವರ್ಷ ಇದ್ದಳು, ಹೊರಡುವಾಗ ಟ್ರಂಕೂ ಬೇಡ ಎಂದಳು. ಸ್ವಲ್ಪ ದಿನಕ್ಕೆ ತಾನೆ? ಹೌದು, ಸ್ವಲ್ಪ ದಿನ, ಟರ್ಪೆಂಟೈನ್ ವಾಸನೆ ನಿನ್ನ ಉಬ್ಬಸಕ್ಕೆ ಆಗಿಬರಲ್ಲ, ಬಣ್ಣ ಒಣಗಿದ ಕೂಡಲೇ ಬಂದುಬಿಡು. ಚಿಕ್ಕಮ್ಮನ ಮಗಳ ಮನೆಗೆ ಬಿಟ್ಟುಬಂದ. ಅಲ್ಲಿ ಅವಳಿಗೆ ಮಲಗಲು ಸಿಕ್ಕಿದ್ದು ನಡುಮನೆ. ನಡುಮನೆಯಲ್ಲಿ ಟಿವಿ. ಟಿವಿಯ ಮುಂದೆ ಆ ಮನೆಯವರೆಲ್ಲ. ಅವರು ಒಬ್ಬೊಬ್ಬರಾಗಿ ಎದ್ದುಹೋಗುವ ತನಕ ಅಕ್ಕ ಹಾಸಿಗೆ ಸುತ್ತಿಟ್ಟುಕೊಂಡು, ಗೋಡೆಗೊರಗಿ, ತನಗೇನೂ ತಿಳಿಯದ ಕ್ರಿಕೆಟ್ಟನ್ನು ಆಸಕ್ತಿಯಿಂದ ನೋಡುತ್ತಿದ್ದಳು. ಫೋನಿನಲ್ಲಿ ಇವನಿಗೆ ಸ್ಕೋರು ಹೇಳುತ್ತಿದ್ದಳು. ಕೊನೆಗೆ, ಫೋನಿಡುವ ಮೊದಲು, ಯಾವುದೋ ಬೇರೆ ಮಾತಿನ ಮಧ್ಯೆ ಎಂಬಂತೆ, ಒಣಗಿತೇನೋ ಎಂದು ಕೇಳುತ್ತಿದ್ದಳು. ಇಲ್ಲ ಅಕ್ಕ, ಇನ್ನೂ ಇಲ್ಲ. ಆಗಲಿ, ಅವಸರ ಏನಿಲ್ಲ. ಅಕ್ಕ ವಾಪಸು ಬರುವುದಕ್ಕೆ ಹೆಂಡತಿಯಾದರೂ ಅಡ್ಡಗಾಲು ಹಾಕುತ್ತಾಳೆ, ಆಗ ಇಡೀ ತಪ್ಪನ್ನು ಅವಳ ತಲೆಗೆ ಕಟ್ಟಬಹುದು ಎಂದು ಅವನು ಕಾದ. ಅವಳು ಆ ಉಪಕಾರ ಮಾಡಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಇನ್ನೊಬ್ಬರ ರಕ್ತ ನೋಡಿ ಬರುವ ಅವಳಿಗೆ ಮನೆಯಲ್ಲಿ ರಕ್ತ ಹೀರುವ ಉತ್ಸಾಹ ಉಳಿದಿರಲಿಲ್ಲ. ಅಕ್ಕ ಯಾವಾಗ ಬರ್ತಾರೆ ಎಂದು ಅವಳೇ ಕೇಳಿದಳು. ಕರ್ಟನ್ ಒಗೆದು ಇಸ್ತ್ರಿ ಮಾಡಿ ಇಟ್ಟಳು.

ಚಿತ್ರ ಒಣಗಿತು. ಬಣ್ಣ ಅಂದಮೇಲೆ ಒಣಗದೆ ಏನು ಮಾಡುತ್ತದೆ? ಅಷ್ಟು ಹೊತ್ತಿಗೆ ಅವನು ಮಧ್ಯಾಹ್ನಗಳಲ್ಲಿ, ಬರೆಯುವುದು ಮುಗಿದ ಮೇಲೂ, ಖಾಲಿ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಮಂಚವಿದ್ದ ಜಾಗದಲ್ಲಿ ನೆಲದ ಮೇಲೆ ಮಲಗಲು ಶುರುಮಾಡಿದ್ದ. ಕೆನ್ನೆಗೆ ತಣ್ಣನೆ ನೆಲ. ಯಾರೂ ಹುಡುಕಿಕೊಂಡು ಬರುತ್ತಿರಲಿಲ್ಲ. ಬಚ್ಚಿಟ್ಟುಕೊಳ್ಳುವ ಜಾಗದಲ್ಲಿ ಇಬ್ಬರು ಹಿಡಿಯುವುದಿಲ್ಲ ಎಂದು ಅವನಿಗೆ ಖಚಿತವಾಯಿತು. ಹಿಂದೆ ಇಬ್ಬರು ಹಿಡಿದಿದ್ದರಲ್ಲ ಎಂಬುದನ್ನು ಆ ಗಳಿಗೆಯಲ್ಲಿ ನೆನಪಿಸುವವರು ಪಕ್ಕದಲ್ಲಿ ಇರಲಿಲ್ಲ. ಅಕ್ಕನ ಫೋನು ಬಂತು. ಒಣಗಿತೇನೋ? ಅವನು ಸುಳ್ಳು ಹೇಳುವವನಲ್ಲ. ಕನಿಷ್ಠ ಅಕ್ಕನಿಗೆ ಸುಳ್ಳು ಹೇಳಿ ನಿದ್ದೆ ಮಾಡುವಷ್ಟು ಗಟ್ಟಿಗನಲ್ಲ. ಒಂದು ನಿಮಿಷ ಇರು ಎಂದು ಫೋನು ಕೆಳಗಿಟ್ಟು, ಬ್ರಷ್ಷಿಗೆ ಬೂದು ಬಣ್ಣ ತೆಗೆದುಕೊಂಡು, ಎಡಮೂಲೆಗೆ ಒಂದು ಗೀಟು ಎಳೆದು, ಬೆರಳಿಟ್ಟು ನೋಡಿ, ಫೋನೆತ್ತಿಕೊಂಡ. ಇಲ್ಲ ಅಕ್ಕ, ಹಸಿ ಇದೆ. ಅಂದಿನಿಂದ ಅದೊಂದು ಕೆಲಸವಾಯಿತು. ಮೂಲೆ ಒಣಗಲು ಹೊರಟಾಗಲೆಲ್ಲ ಇನ್ನೊಂದು ಪದರ. ಲವಂಗದ ಎಣ್ಣೆ ಬೆರೆಸಿದರೆ ಬಣ್ಣ ಬಹಳ ದಿನ ಒಣಗುವುದಿಲ್ಲ ಎಂಬುದು ಚಿತ್ರ ಬರೆಯುವವರಿಗೆಲ್ಲ ಗೊತ್ತು, ಬಾಟಲಿಗಟ್ಟಲೆ ತಂದ. ಮನೆ ತುಂಬಾ ಲವಂಗ. ಅಂಗಿಯಲ್ಲಿ ಲವಂಗ, ಬೆರಳಲ್ಲಿ ಲವಂಗ. ಒಂದು ಭಾನುವಾರ ಅಕ್ಕನನ್ನು ನೋಡಲು ಹೋದಾಗ ಅವಳು ಹತ್ತಿರ ಬಂದು ಮೂಸಿ, ಹಲ್ಲುನೋವೇನೋ ಎಂದಳು. ಹೂಂ ಎಂದುಬಿಟ್ಟ. ಯಾವ ಹಲ್ಲು? ಇದು. ಮುಂದಿನ ವಾರ ಅಕ್ಕ ತಾನೇ ಡಾಕ್ಟರ ಹತ್ತಿರ ಹೊತ್ತು ಗೊತ್ತುಮಾಡಿಕೊಂಡು, ಆಟೋ ತಂದು, ಗೇಟಿನಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ. ಬಣ್ಣದ ವಾಸನೆ ಇರುತ್ತಲ್ಲ.

ಟೆಂಪೋ ಬಂತು. ಇಬ್ಬರು ಆಳುಗಳು ಕಂದು ಕಾಗದ, ಹಗ್ಗ ಹಿಡಿದು ಮೇಲೆ ಬಂದರು. ಹಿರಿಯವನು ಚಿತ್ರದ ಮುಂದೆ ನಿಂತು, ಕಿಟಕಿ ಕಡೆ ನೋಡಿ, ಮತ್ತೆ ಚಿತ್ರ ನೋಡಿ, ಗುಡ್ಡ ಎಲ್ಲಿ ಸಾರ್ ಎಂದ. ಮೂಲೆ ಹಿಡಿಯಲು ಹೋಗಿ ಕೈ ಹಿಂದೆಗೆದ. ಅವನ ನಾಲ್ಕೂ ಬೆರಳಿಗೆ ಬೂದು ಬಣ್ಣ ಮೆತ್ತಿತ್ತು.

"ಇದು ಹಸಿ ಇದೆಯಲ್ಲ ಸಾರ್. ಹೀಗೇ ಕಟ್ಟಿದ್ರೆ ನಿಮ್ಮ ಚಿತ್ರ ಕಾಗದಕ್ಕೆ ಹೋಗುತ್ತೆ, ನಮ್ಮ ಕಾಗದ ಗೋಡೆಗೆ ಹಾಕ್ಬೇಕಾಗುತ್ತೆ."

ಒಂದು ನಿಮಿಷ ಎಂದು ಅವರನ್ನು ಆಚೆ ಕಳಿಸಿ ಅವನು ಬಣ್ಣ ಕೆರೆಯುವ ಚಾಕು ತೆಗೆದುಕೊಂಡ. ಮಂಡಿಯೂರಿ ಕೂತ. ಕೆರೆದರೆ ಬರುತ್ತಲೇ ಇತ್ತು. ಎಷ್ಟು ಪದರ ಬಳಿದಿದ್ದ ಎಂದು ಅವನಿಗೇ ಲೆಕ್ಕವಿರಲಿಲ್ಲ. ಒಂದೊಂದು ಫೋನಿಗೆ ಒಂದೊಂದು. ಬೂದು ಮುದ್ದೆ ಚಾಕುವಿನಿಂದ ಹಳೆಯ ಬನಿಯನ್ನಿನ ಮೇಲೆ ಬೀಳುತ್ತಿತ್ತು, ಲವಂಗದ ಘಾಟು ಕಣ್ಣಿಗೇರುತ್ತಿತ್ತು. ಕೊನೆಗೆ ಕೆಳಗಿನ ಒಣ ನೆಲ ಸಿಕ್ಕಿತು. ಅದರಲ್ಲಿ, ಮೊದಮೊದಲು ಬರೆದು ಆಮೇಲೆ ಮುಚ್ಚಿದ್ದ ಮಂಚದ ಒಂದು ಕಾಲಿನ ಗೆರೆ, ಇದೆಯೋ ಇಲ್ಲವೋ ಎಂಬಷ್ಟು. ಅದನ್ನು ಮುಚ್ಚಲು ಬಣ್ಣ ಬೇಕು, ಬಣ್ಣ ಹಚ್ಚಿದರೆ ಒಣಗುವುದಿಲ್ಲ. ಹಾಗೇ ಬಿಟ್ಟ. ಹೆಂಡತಿ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು, ಅಂತೂ ಒಣಗಿತು ಅನ್ನಿ ಎಂದಳು. ಅಕ್ಕನಿಗೆ ತಾನೇ ಫೋನು ಮಾಡಿ ಸಂಜೆ ಬನ್ನಿ ಎಂದಿದ್ದೇನೆ, ತನಗೆ ಇವತ್ತು ರಾತ್ರಿಯವರೆಗೂ ಪಾಳಿ, ಬರಲಾಗುವುದಿಲ್ಲ ಎಂದಳು. ಅವನು ಚಾಕು ಒರೆಸುತ್ತಲೇ ಇದ್ದ. ಅಕ್ಕನನ್ನು ಕರೆಯಬೇಕೆಂದು ಅವನಿಗೆ ನೆನಪಿತ್ತು. ನೆನಪಿತ್ತು ಅಂತಲೇ ಕರೆದಿರಲಿಲ್ಲ.

ಗ್ಯಾಲರಿಯ ಒಡತಿ ಅವನ ಚಿತ್ರವನ್ನು ಎದುರು ಗೋಡೆಗೇ ಹಾಕಿಸಿದ್ದಳು. ಮುಂದೆ ಒಂದು ಮೆತ್ತನೆಯ ಬೆಂಚು. ಜನ ಬಂದು ಕೂತು ದಣಿವಾರಿಸಿಕೊಳ್ಳಲಿ, ಈಗಿನ ಕಾಲದಲ್ಲಿ ಎಲ್ಲರಿಗೂ ಬೇಕಾಗಿರೋದು ಒಂದು ಆಸರೆ ಎನ್ನುತ್ತಿದ್ದಳು. ಗೋಡೆಯ ಮೇಲೆ ಚಿತ್ರದ ಹೆಸರಿನ ಚೀಟಿ: ಇಲ್ಲಿ ಯಾರೂ ಇಲ್ಲ. ಎಣ್ಣೆಬಣ್ಣ. ಜನ ಬಂದರು, ಕುತ್ತಿಗೆ ವಾಲಿಸಿ ನೋಡಿದರು, ಶರಬತ್ತು ಕುಡಿದರು. ಒಳಗೆ ಈಗ ತಾನೆ ಯಾರೋ ಎದ್ದು ಹೋದ ಹಾಗಿದೆ ಅಲ್ವಾ ಎಂದು ಒಬ್ಬರು ಅವನ ಕೈ ಹಿಡಿದುಕೊಂಡೇ ಹೇಳಿದರು. ದಪ್ಪ ಕನ್ನಡಕದ ವಿಮರ್ಶಕರು ಮೂಲೆಗೆ ಬಗ್ಗಿ, ಕೆರೆದ ಜಾಗ ಕಂಡು, ಇದು ಗಾಯ, ಇಡೀ ಚಿತ್ರ ನಿಂತಿರೋದೇ ಇದರ ಮೇಲೆ, ಎಷ್ಟು ದಿನ ಯೋಚನೆ ಮಾಡಿದ್ರಿ ಇದಕ್ಕೆ ಎಂದರು. ಬೆಳಿಗ್ಗೆಯಿಂದ ಎಂದ. ಅವರು ಅದನ್ನು ತಮಾಷೆ ಎಂದುಕೊಂಡು ಬೆನ್ನು ತಟ್ಟಿದರು. ಒಡತಿ ಅವನನ್ನು ಪಕ್ಕಕ್ಕೆ ಕರೆದು, ಇದೇ ಕೋಣೆ, ಮಳೆಯಲ್ಲಿ, ಬಿಸಿಲಲ್ಲಿ, ಮುಸ್ಸಂಜೆಯಲ್ಲಿ, ಒಂದಿಡೀ ಸಾಲು ಬರೀರಿ, ಮುಂದಿನ ವರ್ಷ ಪೂರ್ತಿ ಗ್ಯಾಲರಿ ನಿಮಗೇ ಎಂದಳು. ಅವಳ ಮಾತು ಮುಗಿಯುವ ಮೊದಲೇ ಅವನು ಆಗಲಿ ಎಂದಿದ್ದ. ಎಂದ ಮೇಲೆ ನಾಲಿಗೆ ಗುಂಡಿಗೆ ಹೋಯಿತು. ಆಗಲೇ ಬಾಗಿಲಲ್ಲಿ ಅಕ್ಕ ಕಂಡದ್ದು.

ಅವಳು ಬೆಳಗುವ ನೀಲಿ ಸೀರೆ ಉಟ್ಟಿದ್ದಳು. ಕೈಯಲ್ಲಿ ಬ್ಯಾಗು. ಸುಮ್ಮನೆ ಕೈಚೀಲವಲ್ಲ, ಬಟ್ಟೆ ತುರುಕಿ ಉಬ್ಬಿದ, ಜಿಪ್ಪು ಅರ್ಧಕ್ಕೆ ನಿಂತ ಬ್ಯಾಗು. ಸಂದಿಯಲ್ಲಿ ಹೊದಿಕೆಯ ಅಂಚು ಇಣುಕುತ್ತಿತ್ತು. ಬಾಗಿಲಲ್ಲಿ ಪುಸ್ತಕ ಇಟ್ಟು ಹೆಸರು ಬರೆಸಿಕೊಳ್ಳುತ್ತಿದ್ದ ಹುಡುಗಿ ಬ್ಯಾಗನ್ನು ಇಲ್ಲಿಡಿ ಎಂದಳು. ಪರವಾಗಿಲ್ಲಮ್ಮ, ಭಾರ ಇಲ್ಲ ಎಂದು ಅಕ್ಕ ಅದನ್ನು ಇನ್ನೂ ಮೈಗೊತ್ತಿಕೊಂಡಳು. ಅವನಿಗೆ ಒಂದೇ ಸಲ ಅರ್ಥವಾಯಿತು. ಇಷ್ಟು ದಿನ ಮೂಲೆ ಹಸಿಯಾಗಿದೆಯೋ ಇಲ್ಲವೋ ಎಂದು ಕಾದವನು, ಚಿತ್ರ ಮನೆಯಿಂದ ಹೊರಬಿದ್ದರೆ ಅಕ್ಕ ಏನೆಂದುಕೊಳ್ಳುತ್ತಾಳೆ ಎಂದು ಯೋಚಿಸಿಯೇ ಇರಲಿಲ್ಲ. ಅವಳು ನೇರ ಚಿತ್ರದ ಮುಂದೆ ಹೋಗಿ ನಿಂತಳು. ಅವನು ಹೋಗಿ ಪಕ್ಕದಲ್ಲಿ ನಿಂತ.

"ಪೈಪು ತೆಗೆಸಿಬಿಟ್ಟಿದ್ದೀಯ," ಎಂದಳು ಅಕ್ಕ, ಕೆಮ್ಮುತ್ತಲೇ. "ಒಳ್ಳೇದಾಯ್ತು ಬಿಡು, ಆ ಪಾರಿವಾಳದ ಕಾಟ ತಪ್ತು."

"ಬ್ಯಾಗ್ ಯಾಕೆ ತಂದೆ ಅಕ್ಕ?"

"ಚಿತ್ರ ಆಚೆ ಬಂತು ಅಂದ್ರೆ ಒಣಗಿದೆ ಅಂತ ತಾನೆ? ಅಲ್ಲಿ ಎಲ್ಲರಿಗೂ ಹೇಳಿ ಬಂದೆ. ಚಿಕ್ಕಮ್ಮನ ಮಗಳು ಪಾಪ ಆಟೋ ಹತ್ತೋ ತನಕ ಬಂದು ಕಳಿಸಿದ್ಲು. ಬಹಳ ನಗ್ತಿದ್ಲು."

ಅಕ್ಕ ಬಗ್ಗಿ, ಎಡಗಡೆ ಕೆಳಮೂಲೆಗೆ, ನೇರ ಅಲ್ಲಿಗೇ, ಬೆರಳಿಟ್ಟಳು. ದೂರದಿಂದ ಕಾವಲುಗಾರ, ಅಮ್ಮಾ, ಮುಟ್ಟಬಾರದು ಎಂದ. ಅವಳು ಬೆರಳು ತೆಗೆದು ಬೆಳಕಿಗೆ ಹಿಡಿದು ನೋಡಿಕೊಂಡಳು. ಏನೂ ಅಂಟಿರಲಿಲ್ಲ. ಅವಳ ಮುಖದಲ್ಲಿ ಮೂಡಿದ ಸಂತೋಷ ಎಷ್ಟು ಸಣ್ಣದಾಗಿತ್ತೆಂದರೆ, ಅವನು ಬೇರೆ ಕಡೆ ನೋಡಬೇಕಾಯಿತು.

"ಮೇಲೆ ಒಣಗಿರುತ್ತೆ ಅಕ್ಕ," ಎಂದ. "ಒಳಗೆ ಹಸಿ ಇರುತ್ತೆ. ಎಣ್ಣೆಬಣ್ಣ ಹಾಗೇನೇ. ವರ್ಷಗಟ್ಟಲೆ ಹಿಡಿಯುತ್ತೆ."

ಅದು ನಿಜ. ಎಷ್ಟೋ ತಿಂಗಳಲ್ಲಿ ಅವಳಿಗೆ ಅವನು ಹೇಳಿದ ಮೊದಲ ಪೂರ್ತಿ ನಿಜ. ಬಾಯಿಂದ ಹೊರಬಂದ ಮೇಲೆ ಅದರಷ್ಟು ದೊಡ್ಡ ಸುಳ್ಳು ತಾನು ಯಾವತ್ತೂ ಹೇಳಿಲ್ಲ ಎನಿಸಿತು. ಅಕ್ಕ ಬೆರಳನ್ನು ಸೆರಗಿಗೆ ಒರೆಸಿಕೊಂಡಳು, ಒರೆಸಲು ಏನೂ ಇಲ್ಲದಿದ್ದರೂ. ಓ, ಹಾಗಾ, ಎಂದಳು. ಸ್ವಲ್ಪ ಹೊತ್ತು ಗುಡ್ಡ ನೋಡಿದಳು. ಆಮೇಲೆ ಗೋಡೆಯ ಚೀಟಿಯ ಹತ್ತಿರ ಕಣ್ಣು ಕಿರಿದು ಮಾಡಿ ಓದಿದಳು, ತುಟಿ ಅಲ್ಲಾಡಿಸುತ್ತ. ಓದಿ ಮುಗಿದ ಮೇಲೂ ಅಲ್ಲಿಂದ ತಿರುಗಲಿಲ್ಲ.

"ಹಲ್ಲು ಹೇಗಿದೆ? ಬಾಯಿ ತೆಗಿ, ನೋಡೋಣ."

ತುಂಬಿದ ಗ್ಯಾಲರಿಯ ನಡುವೆ, ವಿಮರ್ಶಕರು ಮಾರು ದೂರದಲ್ಲಿ ನಿಂತಿದ್ದಾಗ, ಚಿತ್ರಕಾರ ಬಾಯಿ ತೆಗೆದ. ಅಕ್ಕ ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಇಣುಕಿದಳು. ಚೆನ್ನಾಗಿ ಮಾಯ್ದಿದೆ ಎಂದಳು. ಗಲ್ಲ ಬಿಡದೆ, ದನಿಯನ್ನೂ ಏರಿಸದೆ, ತರಕಾರಿಯ ವಿಷಯ ಹೇಳುವಂತೆ ಹೇಳಿದಳು:

"ಡಾಕ್ಟರು ಆವತ್ತು ಆ ಹಲ್ಲನ್ನ ನನ್ನ ಕೈಗೆ ಕೊಟ್ಟಿದ್ರು. ಒಂದು ಕಲೆ ಇಲ್ಲ. ಅಷ್ಟೊಂದು ಕಷ್ಟ ಯಾಕೆ ಪಟ್ಯೋ? ಬರಬೇಡ ಅಂದಿದ್ರೆ ಆಗ್ತಿತ್ತಲ್ಲ."

ಅವನ ಬಾಯಿ ತೆರೆದೇ ಇತ್ತು. ಮುಚ್ಚಿದರೆ ಏನಾದರೂ ಹೇಳಬೇಕಾಗುತ್ತದೆ. ಆವತ್ತು ಆಟೋದಲ್ಲಿ ಅವನು ಹತ್ತಿ ಕಚ್ಚಿಕೊಂಡು ಕೂತಿದ್ದಾಗ, ಅಕ್ಕನ ಮುಚ್ಚಿದ ಮುಷ್ಟಿ ಅವಳ ಮಡಿಲಲ್ಲಿ ಇದ್ದದ್ದು ಈಗ ಕಂಡಿತು. ಅದಾದ ಮೇಲೂ ಅವಳು ಫೋನು ಮಾಡಿದ್ದಳು. ಒಣಗಿತೇನೋ ಎಂದು ಕೇಳಿದ್ದಳು. ಅವನು ಫೋನು ಕೆಳಗಿಟ್ಟು ಬಣ್ಣ ಹಚ್ಚಿ ಬರುವ ತನಕ ಆ ಕಡೆ ಕಾದಿದ್ದಳು. ಗಲ್ಲದಿಂದ ಅವಳ ಕೈ ಹೋಯಿತು. ಈಗ ಹೇಳಬಹುದು. ಬಾ ಅಕ್ಕ, ಮನೆಗೆ ಹೋಗೋಣ, ಇಷ್ಟೇ ಮಾತು. ಮಂಚ ಜೋಡಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಆ ಮಾತಿನ ಹಿಂದೆಯೇ ಮಳೆಯ ಕೋಣೆ, ಬಿಸಿಲ ಕೋಣೆ, ಮುಸ್ಸಂಜೆಯ ಕೋಣೆ ಸಾಲಾಗಿ ಬಂದು ನಿಂತವು, ಒಂದೊಂದರಲ್ಲೂ ಮಂಚ, ಒಂದೊಂದರಲ್ಲೂ ಕೆಮ್ಮು. ಕೆನ್ನೆಗೆ ತಣ್ಣನೆ ನೆಲ ಮಾತ್ರ ಎಲ್ಲೂ ಇರಲಿಲ್ಲ. ಅವನು ಕಾಯುತ್ತ ನಿಂತ, ಅವಳೇ ಕೇಳಲಿ ಎಂದು. ಕೇಳಿದರೆ ಇಲ್ಲ ಎನ್ನುವ ಧೈರ್ಯ ತನಗಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅದು ಅವಳಿಗೂ ಗೊತ್ತಿತ್ತೆಂದು ಕಾಣುತ್ತದೆ. ಕೇಳಲಿಲ್ಲ.

"ಈಗಲೇ ವಾಪಸ್ ಹೋದ್ರೆ ಅಲ್ಲಿ ಎಲ್ಲರೂ ಎದ್ದಿರ್ತಾರೆ," ಎಂದಳು. "ಮಲಗೋ ಹೊತ್ತಿಗೆ ಹೋಗ್ತೀನಿ. ಅಲ್ಲೀವರೆಗೂ ಇಲ್ಲೇ ಕೂತಿರ್ತೀನಿ, ನೀನು ನಿನ್ನ ಕೆಲಸ ನೋಡ್ಕೋ. ಬ್ಯಾಗ್ ತಂದಿದ್ದು ನಿನ್ನ ಹೆಂಡ್ತಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾಳೆ."

ಬೆಂಚಿನ ಮೇಲೆ ಕೂತು ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡಳು. ಕಾಲು ಇಳಿಬಿಟ್ಟು, ಸೀರೆ ಸರಿಮಾಡಿಕೊಂಡು. ಜನ ಅವಳನ್ನು ಬಳಸಿಕೊಂಡು ಹೋದರು. ಯಾರೋ ಫೋಟೋ ತೆಗೆಯಲು ಬಂದು, ಅವಳು ಏಳುತ್ತಾಳೇನೋ ಎಂದು ನೋಡಿ, ಓರೆಯಾಗಿ ನಿಂತು ತೆಗೆದರು. ಅವನು ಕೈ ಕುಲುಕಿದ, ನಕ್ಕ, ಶರಬತ್ತು ಕುಡಿದ. ಹೊತ್ತು ಕಳೆದು ಜನ ಕರಗಿದರು. ಒಡತಿ, ವಿಮರ್ಶಕರು, ಚಿತ್ರ ಕೊಂಡುಕೊಂಡ ದಂಪತಿ ಎಲ್ಲ ಹೊರಮೆಟ್ಟಿಲ ಮೇಲೆ ನಿಂತು ಊಟಕ್ಕೆ ಎಲ್ಲಿ ಹೋಗುವುದೆಂದು ಮಾತಾಡುತ್ತಿದ್ದರು. ಅವನನ್ನೂ ಎಳೆದುಕೊಂಡು ಬಂದಿದ್ದರು. ಕಾವಲುಗಾರ ಬೀಗದ ಗೊಂಚಲು ಹಿಡಿದು ಬಾಗಿಲಿಗೆ ಬಂದ. ಅಲ್ಲಿಂದ ಎದುರು ಗೋಡೆ ಕಾಣುತ್ತಿರಲಿಲ್ಲ, ನಡುವೆ ಒಂದು ತಡಿಕೆ ಇತ್ತು.

"ಒಳಗೆ ಯಾರಾದ್ರೂ ಇದ್ದಾರಾ ಸಾರ್?"

ಎಲ್ಲರೂ ಅವನ ಕಡೆ ನೋಡಿದರು. ಇದ್ದಾರೆ ಎಂದರೆ ಯಾರು ಎನ್ನುತ್ತಾರೆ. ಅಕ್ಕ ಎಂದರೆ ಅರೆ, ಕರೀರಿ, ಮನೆಗೆ ಬಿಟ್ಟು ಹೋಗೋಣ ಎನ್ನುತ್ತಾರೆ. ಯಾವ ಮನೆಗೆ? ಅಲ್ಲಿ ಇನ್ನೂ ಟಿವಿ ಮುಗಿದಿರುವುದಿಲ್ಲ. ಅವಳಿಗಾಗಿಯೇ ಹೇಳುತ್ತಿದ್ದೇನೆ ಎಂದು ಒಂದು ಗಳಿಗೆ, ಅಷ್ಟು ಚಿಕ್ಕ ಗಳಿಗೆ, ಅವನು ಪೂರ್ತಿ ನಂಬಿದ.

"ಇಲ್ಲ, ಯಾರೂ ಇಲ್ಲ," ಎಂದ.

ಕಾವಲುಗಾರ ಒಂದೊಂದೇ ಸ್ವಿಚ್ಚು ಒತ್ತಿದ. ತಡಿಕೆಯ ಆಚೆಯ ಬೆಳಕು ಕೊನೆಯಲ್ಲಿ ಹೋಯಿತು. ಶಟರು ಎಳೆದ. ಒಡತಿ ಚಿತ್ರಕಾರನ ತೋಳು ಹಿಡಿದು ಮೆಟ್ಟಿಲಿಳಿಸುತ್ತಿದ್ದಳು. ಅವನು ಉಸಿರು ಬಿಗಿಹಿಡಿದು, ಕಿವಿ ಮಾತ್ರ ಹಿಂದೆ ಬಿಟ್ಟು ನಡೆದ. ಎರಡು ಮಾತಾಡಿದರೆ ಕೆಮ್ಮು ಬರುತ್ತಿದ್ದ ಅಕ್ಕ. ಒಳಗಿನಿಂದ ಒಂದು ಕೆಮ್ಮೂ ಕೇಳಲಿಲ್ಲ.